ಡಿಸೆಂಬರ್‌ನಲ್ಲಿ ಬಂದ ಮಗುವಿಗೂ ಸ್ವಾಗತ ಸಿಗಲಿ: ಕೊಡಗಿನ ಪ್ರಾಥಮಿಕ ಶಾಲೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಶಾಲೆ ಶುರುವಾಗುವ ದಿನ ಪ್ರಾರಂಭೋತ್ಸವ ನಮ್ಮಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಬಾಗಿಲಿಗೆ ಮಾವಿನ ತೋರಣ, ಮಕ್ಕಳ ಕೈಗೆ ಹೂವು, ಮಧ್ಯಾಹ್ನ ಪಾಯಸ. ಆದರೆ ಕೊಡಗಿಗೆ ಹೊಸ ಕುಟುಂಬಗಳು ಬರುವುದು ಜೂನ್‌ನಲ್ಲಿ ಮಾತ್ರ ಅಲ್ವಲ್ಲಾ? ಕಾಫಿ ಕೊಯ್ಲಿಗೆ ಜನ ಬರುವುದು ನವೆಂಬರ್–ಡಿಸೆಂಬರ್‌ನಲ್ಲಿ. ಒಂದು ತೋಟ ಬಿಟ್ಟು ಇನ್ನೊಂದು ತೋಟದ ಲೈನ್ ಮನೆಗೆ (ಕಾರ್ಮಿಕರ ಸಾಲುಮನೆಗೆ) ಹೋಗುವವರಿಗೆ ತಿಂಗಳ ಲೆಕ್ಕವೇ ಇಲ್ಲ. ಆಗ ಬಂದ ಮಗುವಿಗೆ ತೋರಣವೂ ಇಲ್ಲ, ಕೆಲವು ಕಡೆ ಕೂರಲು ಜಾಗವೂ ಇಲ್ಲ.

ಹಾಗಾಗಿ ಸ್ವಾಗತ ಅಂದರೆ ಒಂದು ದಿನದ ಕಾರ್ಯಕ್ರಮ ಅಂತ ನೋಡದೆ, ವರ್ಷವಿಡೀ ಸಿದ್ಧವಾಗಿರುವ ಒಂದು ವ್ಯವಸ್ಥೆಯಾಗಿ ಮಾಡಿಕೊಳ್ಳಬೇಕು. ಅದಕ್ಕೆ ದುಡ್ಡು ಜಾಸ್ತಿ ಬೇಕಿಲ್ಲ. ಇಬ್ಬರೇ ಟೀಚರ್ ಇರುವ ಕಿರಿಯ ಪ್ರಾಥಮಿಕ ಶಾಲೆಯಲ್ಲೂ ಆಗುವಂಥದ್ದನ್ನೇ ಇಲ್ಲಿ ಬರೆದಿದ್ದೇನೆ. ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ, ಶಾಲೆ ಬಗ್ಗೆ ಕಾಳಜಿ ಇರುವ ಹಳೆ ವಿದ್ಯಾರ್ಥಿಗಳಿಗೆ ಇದು.

ಹೆಜ್ಜೆ 1: ಮೇ ತಿಂಗಳಲ್ಲೇ ನಿಮ್ಮ ಊರಿನ ಲೆಕ್ಕ ಹಾಕಿ

ರಜೆ ಮುಗಿಯುವ ಮೊದಲು ಒಂದು ಮಧ್ಯಾಹ್ನ ಟೀಚರ್‌ಗಳು, ಎಸ್‌ಡಿಎಂಸಿಯವರು, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಒಟ್ಟಿಗೆ ಕೂತುಕೊಳ್ಳಿ. ಒಂದು ದೊಡ್ಡ ಹಾಳೆಯಲ್ಲಿ ಶಾಲೆ ಸುತ್ತಲಿನ ನಕ್ಷೆ ಬರೆಯಿರಿ. ಯಾವ ತೋಟದಲ್ಲಿ ಲೈನ್ ಮನೆ ಇದೆ, ಆದಿವಾಸಿಗಳ ಹಾಡಿ ಎಲ್ಲಿದೆ, ಪೈಸಾರಿಯಲ್ಲಿ (ಸರ್ಕಾರಿ ಜಾಗದಲ್ಲಿ) ಯಾರಿದ್ದಾರೆ, ಪೇಟೆ ಕಡೆಯಿಂದ ಬಾಡಿಗೆ ಮನೆಗೆ ಯಾರು ಬಂದಿದ್ದಾರೆ, ಎಲ್ಲ ಗುರುತು ಮಾಡಿ. ಯಾವ ಮನೆಯಲ್ಲಿ ಶಾಲೆಗೆ ಬರುವ ವಯಸ್ಸಿನ ಮಗು ಇದೆ ಅನ್ನುವುದು ಅಂಗನವಾಡಿಯವರಿಗೆ ಮೊದಲೇ ಗೊತ್ತಿರುತ್ತದೆ.

ಅದರ ಪಕ್ಕದಲ್ಲೇ ಊರಿನ ಕ್ಯಾಲೆಂಡರ್ ಬರೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಸೆಪ್ಟೆಂಬರ್ ಶುರುವಿನಲ್ಲಿ ಕೈಲ್ ಪೊಳ್ದ್ ಹಬ್ಬ, ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣ, ನವೆಂಬರ್–ಡಿಸೆಂಬರ್‌ನಲ್ಲಿ ಸುಗ್ಗಿ ಹಬ್ಬ ಹುತ್ತರಿ. ಅರೇಬಿಕಾ ಕೊಯ್ಲು ಹೆಚ್ಚುಕಡಿಮೆ ನವೆಂಬರ್‌ನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಓಣಂ, ರಂಜಾನ್, ಕ್ರಿಸ್‌ಮಸ್ ಕೂಡ ಸೇರಿಸಿ. ಯಾವ ತಿಂಗಳು ಹೊಸಬರು ಬರುತ್ತಾರೆ, ಯಾವ ತಿಂಗಳು ಮಕ್ಕಳ ಹಾಜರಾತಿ ಇಳಿಯುತ್ತದೆ, ಯಾವಾಗ ಸಭೆ ಕರೆದರೆ ಯಾರೂ ಬರುವುದಿಲ್ಲ ಅನ್ನುವುದು ಈ ಒಂದು ಹಾಳೆಯಲ್ಲೇ ಕಾಣುತ್ತದೆ.

ಹೆಜ್ಜೆ 2: ಗೇಟಿನ ಹತ್ತಿರ ನಿಂತವರನ್ನು ಒಳಗೆ ಕರೆಯುವವರು ಯಾರು?

ಹೊಸ ಅಮ್ಮಂದಿರಲ್ಲಿ ಎಷ್ಟೋ ಮಂದಿ ಗೇಟಿನ ಹೊರಗೇ ನಿಂತುಬಿಡುತ್ತಾರೆ. ಮಗುವನ್ನು ಒಳಗೆ ಕಳಿಸಿ, ಬೆನ್ನು ತಿರುಗಿಸಿ ಹೋಗುತ್ತಾರೆ. ಅವರಿಗೆ ಆಸಕ್ತಿ ಇಲ್ಲ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಒಳಗೆ ಬರಬಹುದಾ, ಚಪ್ಪಲಿ ಎಲ್ಲಿ ಬಿಡಬೇಕು, ಯಾರ ಹತ್ತಿರ ಮಾತಾಡಬೇಕು, ಯಾವ ಭಾಷೆಯಲ್ಲಿ ಮಾತಾಡಬೇಕು ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ತಾವೇ ಶಾಲೆ ಮೆಟ್ಟಿಲು ಹತ್ತದವರಾದರೆ ಅಳುಕು ಇನ್ನೂ ಜಾಸ್ತಿ.

ಒಂದು ನಿಯಮ ಮಾಡಿಕೊಳ್ಳಿ: ಗೇಟಿನ ಹತ್ತಿರ ಯಾರೇ ನಿಂತಿದ್ದರೂ ಮೊದಲು ನೋಡಿದವರು ಹೋಗಿ ಕರೆಯಬೇಕು. ಮುಖ್ಯ ಶಿಕ್ಷಕರು ಮೀಟಿಂಗ್‌ಗೆ ಹೋಗಿರುತ್ತಾರೆ, ಇನ್ನೊಬ್ಬ ಟೀಚರ್ ಮೂರು ತರಗತಿ ಒಟ್ಟಿಗೆ ನೋಡಿಕೊಳ್ಳುತ್ತಿರುತ್ತಾರೆ. ಹಾಗಾಗಿ ಹೆಚ್ಚಿನ ಶಾಲೆಗಳಲ್ಲಿ ಹೊಸಬರನ್ನು ಮೊದಲು ಮಾತಾಡಿಸುವವರು ಬಿಸಿಯೂಟದ ಅಡುಗೆ ಅಕ್ಕನೇ. ಆ ಅಕ್ಕನನ್ನೂ ಈ ಕೆಲಸದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಿ. "ಬನ್ನಿ, ಕೂತ್ಕೊಳ್ಳಿ, ಟೀಚರ್ ಈಗ ಬರ್ತಾರೆ" ಅಂತ ಹೇಳಿ, ಒಂದು ಲೋಟ ನೀರು ಕೊಟ್ಟು, ಹೆಸರು ಮತ್ತು ಫೋನ್ ನಂಬರ್ ಕೇಳಿ ಬರೆದಿಟ್ಟರೆ ಸಾಕು. ಅದಕ್ಕೆ ಜಗಲಿಯಲ್ಲಿ ಒಂದು ನೋಟ್ ಪುಸ್ತಕ ದಾರ ಕಟ್ಟಿ ಇಡಿ. ಬರೆಯಲು ಬಾರದವರು ಬಂದರೆ ಐದನೇ ತರಗತಿ ಮಗು ಬರೆದುಕೊಡುತ್ತದೆ.

ಕುರ್ಚಿ ವಿಷಯ ಚಿಕ್ಕದು ಅನ್ನಿಸಬಹುದು, ಆದರೆ ಅಲ್ಲ. ಪೇಟೆಯಿಂದ ಬಂದ ಅಪ್ಪನಿಗೆ ಕುರ್ಚಿ, ಲೈನ್ ಮನೆಯ ಅಪ್ಪ ಬಾಗಿಲಲ್ಲೇ ನಿಂತಿರುವುದು: ಇದನ್ನು ಮಕ್ಕಳು ನೋಡುತ್ತಾರೆ. ಎಲ್ಲರನ್ನೂ ಕೂರಿಸಿ, ಇಲ್ಲವಾದರೆ ನೀವೂ ನಿಂತೇ ಮಾತಾಡಿ. ವಯಸ್ಸಿನಲ್ಲಿ ದೊಡ್ಡವರನ್ನು, ಅವರು ಕೂಲಿ ಕೆಲಸದವರಾದರೂ, ಏಕವಚನದಲ್ಲಿ ಕರೆಯಲೇಬೇಡಿ.

ಹೆಜ್ಜೆ 3: ದಾಖಲಾತಿ – ಕಾಗದ ಇಲ್ಲ ಅಂತ ವಾಪಸ್ ಕಳಿಸಬೇಡಿ

ಈ ಹೆಜ್ಜೆಯಲ್ಲಿ ನಿಧಾನ ಮಾಡಿ, ಯಾಕೆಂದರೆ ಹೆಚ್ಚು ಕುಟುಂಬಗಳು ಕೈತಪ್ಪುವುದು ಇಲ್ಲಿಯೇ. "ಜನನ ಪ್ರಮಾಣ ಪತ್ರ ತಗೊಂಡು ಬನ್ನಿ" ಅಂತ ಒಂದು ಮಾತು ಹೇಳಿ ಕಳಿಸಿದರೆ, ಒಂದು ದಿನದ ಕೂಲಿ ಬಿಟ್ಟು ಬಂದವರು ಮತ್ತೆ ಬರುವುದು ಕಷ್ಟ.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. 6ರಿಂದ 14 ವರ್ಷದ ಮಕ್ಕಳ ವಿಷಯದಲ್ಲಿ ಅದು ಹೇಳುವುದು ಸ್ಪಷ್ಟವಾಗಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವ ಹಾಗಿಲ್ಲ. ವರ್ಷದ ಮಧ್ಯದಲ್ಲಿ ಬಂದರೂ ಸೇರಿಸಿಕೊಳ್ಳಬೇಕು. ಹಿಂದಿನ ಶಾಲೆಯ ಟಿ.ಸಿ. (ವರ್ಗಾವಣೆ ಪತ್ರ) ತಡವಾಗಿದೆ ಅನ್ನುವುದೂ ಕಾರಣವಾಗುವುದಿಲ್ಲ. ಶಾಲೆಗೇ ಹೋಗದ ಎಂಟು ವರ್ಷದ ಮಗು ಬಂದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ವಿಶೇಷ ತರಬೇತಿ ಕೊಡಬೇಕು. ಸೇರಿಸಿಕೊಳ್ಳಲು ಮಗುವಿಗೆ ಪರೀಕ್ಷೆ ಇಡುವ ಹಾಗಿಲ್ಲ, ಪೋಷಕರಿಗೆ ಸಂದರ್ಶನ ಮಾಡುವ ಹಾಗೂ ಇಲ್ಲ. ಆಧಾರ್ ಇಲ್ಲ ಅಂತ ಶಾಲೆಗೆ ಸೇರಿಸದೆ ಇರಬಾರದು ಅನ್ನುವುದು ಸುಪ್ರೀಂ ಕೋರ್ಟಿನ 2018ರ ಆಧಾರ್ ತೀರ್ಪಿನಲ್ಲೇ ಇದೆ.

ಹಾಗಾದರೆ ಏನು ಮಾಡಬೇಕು? ಮೊದಲು ಮಗುವನ್ನು ತರಗತಿಯಲ್ಲಿ ಕೂರಿಸಿ, ಆಮೇಲೆ ಕಾಗದ ಹುಡುಕಿ. ಅಂಗನವಾಡಿ ದಾಖಲೆ, ತಾಯಿ ಕಾರ್ಡ್, ಆಸ್ಪತ್ರೆ ಚೀಟಿ, ಏನೂ ಇಲ್ಲದಿದ್ದರೆ ಅಪ್ಪ–ಅಮ್ಮನ ಹೇಳಿಕೆ, ಇವುಗಳಿಂದ ವಯಸ್ಸು ಬರೆದುಕೊಳ್ಳಬಹುದು. ಹಿಂದೆ ಕರ್ನಾಟಕದ ಯಾವುದಾದರೂ ಶಾಲೆಯಲ್ಲಿ ಓದಿದ್ದರೆ ಮಗುವಿಗೆ ಎಸ್‌ಎಟಿಎಸ್ ನಂಬರ್ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯ ನಂಬರ್) ಇರುತ್ತದೆ. ಆ ಶಾಲೆಗೆ ನೀವೇ ಫೋನ್ ಮಾಡಿ ಕೇಳಿ, ಕೆಲಸ ಬೇಗ ಆಗುತ್ತದೆ. ಜಾತಿ–ಆದಾಯ ಪ್ರಮಾಣ ಪತ್ರ ಬೇಕಾಗುವುದು ವಿದ್ಯಾರ್ಥಿವೇತನಕ್ಕೆ, ಪ್ರವೇಶಕ್ಕಲ್ಲ. ಅದಕ್ಕೆ ನಾಡಕಚೇರಿಗೆ ಹೋಗಬೇಕು ಅನ್ನುವುದನ್ನು, ಯಾವ ಬಸ್ಸು, ಏನೇನು ಜೊತೆಗೆ ಒಯ್ಯಬೇಕು ಅನ್ನುವುದನ್ನು ಚೀಟಿಯಲ್ಲಿ ಬರೆದು ಕೊಡಿ.

ಹೆಸರು ಬರೆಯುವಾಗ ಪೆನ್ನು ಹಿಡಿದು ಸ್ವಲ್ಪ ತಡೆಯಿರಿ. ದಾಖಲಾತಿ ಪುಸ್ತಕದಲ್ಲಿ ಬರೆದ ಹೆಸರೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿವರೆಗೆ ಹೋಗುತ್ತದೆ. ಕೊಡವ ಮಗುವಿನ ಹೆಸರಿನ ಮುಂದೆ ಮನೆಹೆಸರು ಬರುತ್ತದೆ. ಅದನ್ನು ಒಂದಕ್ಷರಕ್ಕೆ ಇಳಿಸಬೇಕಾ, ಪೂರ್ತಿ ಬರೆಯಬೇಕಾ ಅಂತ ಮನೆಯವರನ್ನೇ ಕೇಳಿ. ಮಲಯಾಳ ಮನೆಯ ಹೆಸರಿನ ಉಚ್ಚಾರ ಬೇರೆ, ಅಸ್ಸಾಮಿನಿಂದ ಬಂದ ಮಗುವಿನ ಹೆಸರು ನಮ್ಮ ಕಿವಿಗೆ ಬೇರೆಯೇ ಕೇಳಿಸುತ್ತದೆ. ಯರವ ಆದಿವಾಸಿ ಮಕ್ಕಳಲ್ಲಿ ಕೆಲವರಿಗೆ ಒಂದೇ ಹೆಸರು, ಇನಿಶಿಯಲ್ ಇರುವುದಿಲ್ಲ. "ಇನಿಶಿಯಲ್ ಇಲ್ವಾ?" ಅಂತ ಕೇಳಿ ನಾವೇ ಒಂದು ಅಕ್ಷರ ಸೇರಿಸಿದರೆ ಅದು ಆ ಮಗುವಿಗೆ ಮುಂದೆ ಪ್ರತಿ ಕಚೇರಿಯಲ್ಲೂ ತೊಂದರೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಅಮ್ಮ "ಹೌದು" ಅಂದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ.

ದುಡ್ಡಿನ ಮಾತು ಆವತ್ತು ಬೇಡವೇ ಬೇಡ. ಶಾಲೆಗೆ ದೇಣಿಗೆ ಬೇಕಿದ್ದರೆ ಊರಿನ ಉಳ್ಳವರನ್ನು ಬೇರೆ ದಿನ ಕೇಳಿ.

ಹೆಜ್ಜೆ 4: ಕೇಳಬೇಕಾದ ಮಾತು, ಕೇಳಬಾರದ ಮಾತು

ಕಾಗದದ ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಸುಮ್ನೆ ಮಾತಾಡಿ. ಮನೆಯಲ್ಲಿ ಮಗುವನ್ನು ಏನಂತ ಕರೆಯುತ್ತೀರಿ? ಮನೆಯಲ್ಲಿ ಯಾವ ಭಾಷೆ? ಬೆಳಿಗ್ಗೆ ಕರೆದುಕೊಂಡು ಬರುವವರು ಯಾರು, ಸಂಜೆ ಯಾರು? ದಾರಿಯಲ್ಲಿ ಆನೆ ಓಡಾಡುತ್ತದಾ, ತೋಡು (ಹಳ್ಳ) ದಾಟಬೇಕಾ? ಮೊಟ್ಟೆ ತಿನ್ನುತ್ತದಾ? ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದೆ ಅಂತಲೂ ಹೇಳಿ. ಮಗುವಿಗೆ ಯಾವುದಕ್ಕೆ ಹೆದರಿಕೆ? ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಜಾತಿ, ಆದಾಯ ಬೇರೆಯವರ ಎದುರಿಗೆ ಕೇಳಬೇಡಿ. "ಇಷ್ಟು ದಿನ ಯಾಕೆ ಕಳಿಸಲಿಲ್ಲ?" ಅನ್ನುವ ಮಾತನ್ನಂತೂ ಆಡಲೇಬೇಡಿ. ಅದು ಕೇಳಿದ ಕೂಡಲೇ ಅಮ್ಮನ ಬಾಯಿ ಮುಚ್ಚಿಹೋಗುತ್ತದೆ.

ಹೆಜ್ಜೆ 5: ಅಮ್ಮನ ಹತ್ತಿರ ಐದು ಪದ ಕಲಿಯಿರಿ

ಕೊಡಗಿನ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಭಾಷೆ, ಜೇನುಕುರುಬರ ಭಾಷೆ, ತಮಿಳು ಎಲ್ಲ ಸೇರಿರಬಹುದು. ಈಗ ಬಂಗಾಳಿ, ಅಸ್ಸಾಮಿ ಕೂಡ. ಶಾಲೆಯ ಕನ್ನಡ ಇವರಲ್ಲಿ ಎಷ್ಟೋ ಮಕ್ಕಳಿಗೆ ಎರಡನೇ ಭಾಷೆ. ಒಂದನೇ ತರಗತಿಯ ಮಗು ವಾರಗಟ್ಟಲೆ ಬಾಯಿ ಬಿಡದೆ ಕೂತರೆ ಅದು ದಡ್ಡ ಅಲ್ಲ, ಕೇಳಿಸಿಕೊಳ್ಳುತ್ತಿದೆ ಅಷ್ಟೆ.

ಎಲ್ಲ ಭಾಷೆ ಕಲಿಯಲು ಯಾರಿಂದಲೂ ಆಗುವುದಿಲ್ಲ. ಐದು ಪದ ಕಲಿಯಬಹುದು: ನೀರು, ಹಸಿವು, ನೋವು, ಮೂತ್ರಕ್ಕೆ ಹೋಗಬೇಕು, ಮನೆಗೆ ಹೋಗಬೇಕು. ದಾಖಲಾತಿ ದಿನವೇ ಅಮ್ಮನ ಹತ್ತಿರ ಕೇಳಿ, ಕನ್ನಡ ಅಕ್ಷರದಲ್ಲಿ ಬರೆದು ತರಗತಿಯ ಗೋಡೆಗೆ ಅಂಟಿಸಿ. ಅಮ್ಮ ಹೇಳಿಕೊಡುತ್ತಿರುವಾಗ ಟೀಚರ್ ತಪ್ಪು ಉಚ್ಚರಿಸುತ್ತಾರೆ, ಅಮ್ಮ ನಕ್ಕು ಸರಿಮಾಡುತ್ತಾರೆ, ಮಗು ಇಬ್ಬರ ಮುಖವನ್ನೂ ನೋಡುತ್ತದೆ. ಶಾಲೆಯಲ್ಲಿ ತನ್ನ ಅಮ್ಮನಿಗೆ ಟೀಚರ್‌ಗಿಂತ ಜಾಸ್ತಿ ಗೊತ್ತಿರುವ ವಿಷಯ ಒಂದಿದೆ ಅಂತ ಅದಕ್ಕೆ ಮೊದಲ ದಿನವೇ ಗೊತ್ತಾಗುತ್ತದೆ.

ಮನೆಭಾಷೆ ಮಾತಾಡಿದ್ದಕ್ಕೆ ಮಕ್ಕಳನ್ನು ಗದರಬೇಡಿ, ಬೇರೆ ಮಕ್ಕಳು ನಗದ ಹಾಗೆ ನೋಡಿಕೊಳ್ಳಿ. ಅದೇ ಭಾಷೆಯ ದೊಡ್ಡ ತರಗತಿಯ ಮಗು ಇದ್ದರೆ ಮೊದಲ ವಾರ ಊಟದ ಹೊತ್ತಿಗೆ ಪಕ್ಕದಲ್ಲಿ ಕೂರಿಸಿ.

ಹೆಜ್ಜೆ 6: ಮೊದಲ ದಿನ ಪೋಷಕರಿಗೆ ಶಾಲೆ ತೋರಿಸಿ

ಭಾಷಣ ಬೇಡ. ಕೈಹಿಡಿದು ಸುತ್ತಿಸಿ: ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ತರಗತಿ. ಹಾಲು, ಬಿಸಿಯೂಟ, ಪಠ್ಯಪುಸ್ತಕ, ಸಮವಸ್ತ್ರ, ಶೂ ಎಲ್ಲ ಸರ್ಕಾರಿ ಶಾಲೆಯಲ್ಲಿ ಉಚಿತ ಅಂತ ಬಾಯಿಬಿಟ್ಟು ಹೇಳಿ. ಸಮವಸ್ತ್ರ ಬರುವವರೆಗೆ ಮನೆಯ ಬಟ್ಟೆಯಲ್ಲೇ ಕಳಿಸಬಹುದು ಅಂತಲೂ ಹೇಳಿ. ಅದೊಂದು ಗೊತ್ತಿಲ್ಲದೆ ಮಗುವನ್ನು ಮನೆಯಲ್ಲೇ ಉಳಿಸಿಕೊಂಡವರಿದ್ದಾರೆ. ಆ ದಿನ ಪೋಷಕರೂ ಮಕ್ಕಳ ಸಾಲಿನಲ್ಲಿ ಕೂತು ಬಿಸಿಯೂಟದ ರುಚಿ ನೋಡಲಿ, ಟೀಚರ್ ಕೂಡ ಜೊತೆಗೆ ಕೂರಲಿ.

ನಲಿ-ಕಲಿ ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗುಂಪಾಗಿ ಕೂತಿರುವುದನ್ನು ನೋಡಿ, "ಇಲ್ಲಿ ಪಾಠವೇ ನಡೆಯಲ್ಲ, ಆಟ ಆಡಿಸ್ತಾರೆ" ಅಂದುಕೊಳ್ಳುವ ಪೋಷಕರು ಬಹಳ. ಮಗುವನ್ನು ಖಾಸಗಿ ಶಾಲೆಗೆ ಬದಲಾಯಿಸಲು ಇದೂ ಒಂದು ಕಾರಣವಾಗುತ್ತದೆ. 1995ರಲ್ಲಿ ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲಿ ಶುರುವಾದ ಕ್ರಮ ಇದು. ಮಗು ತನ್ನ ವೇಗದಲ್ಲಿ ಕಲಿಕಾ ಏಣಿಯ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಹದಿನೈದು ದಿನ ಶಾಲೆಗೆ ಬಾರದಿದ್ದರೆ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮತ್ತೆ ಶುರು. ಮಳೆಗೆ, ಕೊಯ್ಲಿಗೆ, ಊರಿಗೆ ಹೋಗಿ ಬರುವ ನಮ್ಮ ಮಕ್ಕಳಿಗೆ ಇದಕ್ಕಿಂತ ಒಗ್ಗುವ ಕ್ರಮ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬಾಯಲ್ಲಿ ವಿವರಿಸುವ ಬದಲು ಅಮ್ಮನನ್ನು ನೆಲದ ಮೇಲೆ ಮಗುವಿನ ಪಕ್ಕ ಕೂರಿಸಿ, ಒಂದು ಕಾರ್ಡ್ ಕೈಗೆ ಕೊಡಿ. ಮಗು ಕಾರ್ಡಿನ ಚಿತ್ರ ನೋಡಿ ಏಣಿಯಲ್ಲಿ ತನ್ನ ಜಾಗ ಹುಡುಕುವುದನ್ನು ಅವರೇ ನೋಡಲಿ.

ಹೆಜ್ಜೆ 7: ಜೊತೆಮನೆ

ಪ್ರತಿ ಹೊಸ ಕುಟುಂಬಕ್ಕೂ ಅದೇ ದಾರಿಯಲ್ಲಿರುವ ಒಂದು ಹಳೆ ಕುಟುಂಬವನ್ನು ಜೊತೆ ಮಾಡಿ. ನಾನು ಇದನ್ನು ಜೊತೆಮನೆ ಅಂತ ಕರೆಯುತ್ತೇನೆ. ಕೆಲಸ ಇಷ್ಟೇ: ಬೆಳಿಗ್ಗೆ ಮಕ್ಕಳು ಒಟ್ಟಿಗೆ ಬರಬೇಕು, ರಜೆ ಸುದ್ದಿ ಮುಟ್ಟಬೇಕು, ಸಭೆಗೆ ಬರುವಾಗ ಜೊತೆಗೆ ಕರೆದುಕೊಂಡು ಬರಬೇಕು. ಮನೆ ಹತ್ತಿರ ಇದೆ ಅಂತ ಮಾತ್ರ ನೋಡಿ ಜೊತೆ ಮಾಡಬೇಡಿ, ಮಾತಾಡಲು ಇಷ್ಟ ಇರುವವರನ್ನು ಆರಿಸಿ.

ಹೆಜ್ಜೆ 8: ಮಳೆಗೆ ಮೊದಲೇ ತಯಾರಿ

ಜಿಲ್ಲಾಧಿಕಾರಿ ಮಳೆ ರಜೆ ಘೋಷಿಸುವುದು ಒಮ್ಮೊಮ್ಮೆ ಹಿಂದಿನ ರಾತ್ರಿ, ಒಮ್ಮೊಮ್ಮೆ ಆ ದಿನ ಬೆಳಿಗ್ಗೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಎಲ್ಲರಿಗೂ ಮುಟ್ಟಿತು ಅಂದುಕೊಳ್ಳಬೇಡಿ. ಕರೆಂಟ್ ಹೋಗಿ ಮೂರು ದಿನ ಆಗಿರುತ್ತದೆ, ಫೋನ್ ಸತ್ತಿರುತ್ತದೆ, ಕೆಲವು ಮನೆಗಳಲ್ಲಿ ಕೀಪ್ಯಾಡ್ ಫೋನು, ಹಾಡಿಯಲ್ಲಿ ನೆಟ್‌ವರ್ಕ್ ಇಲ್ಲ. ಯಾವ ದಿಕ್ಕಿಗೆ ಯಾರು ಸುದ್ದಿ ಮುಟ್ಟಿಸುವುದು ಅಂತ ಜೂನ್‌ಗೆ ಮೊದಲೇ ಬರೆದಿಟ್ಟುಕೊಳ್ಳಿ. ತೋಟದ ಲೆಕ್ಕ ನೋಡುವ ರೈಟರ್, ಹಾಲಿನ ಡೈರಿಯವರು, ಜೀಪಿನ ಡ್ರೈವರ್ ಇವರೆಲ್ಲ ಸಹಾಯಕ್ಕೆ ಬರುತ್ತಾರೆ.

ಶಾಲೆಯಲ್ಲಿ ಒಂದು ಪೆಟ್ಟಿಗೆ ಇಡಿ: ಒಣಗಿದ ಬಟ್ಟೆ ನಾಲ್ಕಾರು ಜೊತೆ, ಟವೆಲ್, ಜಿಗಣೆ ಕಚ್ಚಿದರೆ ಬೇಕಾಗುವ ಉಪ್ಪು. ಕೊಡೆ ಇಡಲು ಜಗಲಿಯಲ್ಲಿ ಜಾಗ ಮಾಡಿ. ಹೊರರಾಜ್ಯದಿಂದ ಬಂದ ಕುಟುಂಬಕ್ಕೆ ನಮ್ಮ ಜುಲೈ ತಿಂಗಳ ಮಳೆ ಹೇಗಿರುತ್ತದೆ ಅಂತ ಗೊತ್ತೇ ಇರುವುದಿಲ್ಲ. ಮಳೆ ಶೂ, ಕೊಡೆ ಇಲ್ಲದವರ ಪಟ್ಟಿ ಮಾಡಿ ಹಳೆ ವಿದ್ಯಾರ್ಥಿಗಳನ್ನು ಕೇಳಿ. ಕೊಡುವಾಗ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಫೋಟೊ ತೆಗೆಯಬೇಡಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡ ಕುಸಿದು ಎಷ್ಟೋ ಮನೆಗಳು ಹೋದವು. ಆ ಕುಟುಂಬಗಳು ಜಂಬೂರು, ಮಾದಾಪುರ, ಮದೆನಾಡು ಕಡೆ ಹೊಸ ಬಡಾವಣೆಗಳಿಗೆ ಬಂದವು. ಜೋರು ಮಳೆ ಬಂದರೆ ಸುಮ್ಮನಾಗುವ ಪೋಷಕರು ಈಗಲೂ ಇದ್ದಾರೆ. ಅಂಥ ದಿನ ಮಗುವನ್ನು ಕಳಿಸದಿದ್ದರೆ ಗೈರುಹಾಜರಿ ಅಂತ ಬೈಯಬೇಡಿ. ಮರುದಿನ "ಮನೆಯಲ್ಲಿ ಎಲ್ಲ ಹೇಗಿದ್ದೀರಿ?" ಅಂತ ಫೋನ್ ಮಾಡಿ.

ಹೆಜ್ಜೆ 9: ನೀವೇ ಲೈನ್ ಮನೆಗೆ, ಹಾಡಿಗೆ ಹೋಗಿ

ಡಿಸೆಂಬರ್‌ನಲ್ಲಿ ಬರುವ ಕುಟುಂಬ ಶಾಲೆಗೆ ತಾನಾಗಿ ಬರುವುದು ಅಪರೂಪ. ನವೆಂಬರ್ ಕೊನೆಗೆ ಒಮ್ಮೆ ತೋಟದ ಮಾಲೀಕರನ್ನೋ ರೈಟರನ್ನೋ ಮೇಸ್ತ್ರಿಯನ್ನೋ ಕಂಡು, "ಮಕ್ಕಳಿರುವ ಮನೆ ಬಂದರೆ ಒಂದು ಫೋನ್ ಮಾಡಿ" ಅಂತ ಹೇಳಿಟ್ಟಿರಿ. ಕೆಲಸ ಬಿಟ್ಟ ಮೇಲೆ, ಅಡುಗೆ ಶುರುವಾಗುವ ಮೊದಲು ಹೋಗಿ. ತೋಟದ ಕಾಡಾನೆ ದಾರಿಯಲ್ಲಿ ಕತ್ತಲಾದ ಮೇಲೆ ವಾಪಸ್ ಬರುವ ಹಾಗೆ ಇಟ್ಟುಕೊಳ್ಳಬೇಡಿ.

ಮಗು ಶಾಲೆಗೆ ಬಾರದಿರಲು ಕಾರಣ ಹೆಚ್ಚಾಗಿ ಇನ್ನೊಂದು ಮಗು. ಅಪ್ಪ–ಅಮ್ಮ ಕೊಯ್ಲಿಗೆ ಹೋದರೆ ತಂಗಿ–ತಮ್ಮನನ್ನು ನೋಡಿಕೊಳ್ಳುವವರು ಯಾರು? ಅಕ್ಕನೇ. ಚಿಕ್ಕದನ್ನು ಅಂಗನವಾಡಿಗೆ ಸೇರಿಸಿದರೆ ಅಕ್ಕ ಶಾಲೆಗೆ ಬರುತ್ತಾಳೆ. ಹಾಗಾಗಿ ಹೋಗುವಾಗ ಅಂಗನವಾಡಿ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ.

ಹಾಡಿಗೆ ಹೋಗುವುದು ತಪಾಸಣೆಗೆ ಹೋದಂತೆ ಆಗಬಾರದು. ಅಲ್ಲಿನ ಹಿರಿಯರನ್ನು ಮೊದಲು ಮಾತಾಡಿಸಿ. ಕೂರಲು ಹೇಳಿದ ಕಡೆ ಕೂರಿ, ಕೊಟ್ಟ ಚಹಾ ಕುಡಿಯಿರಿ. ಮಗುವಿನ ತಲೆ, ಬಟ್ಟೆ, ಗೈರುಹಾಜರಿ ಬಗ್ಗೆ ಮೊದಲ ಭೇಟಿಯಲ್ಲಿ ಒಂದು ಮಾತೂ ಬೇಡ. ಮಗು ಚೆನ್ನಾಗಿ ಮಾಡುವ ಒಂದು ಕೆಲಸ ಹೇಳಿ, ಬಂದುಬಿಡಿ. ಎರಡನೇ ಸಲ ಹೋದಾಗ ಅವರೇ ಮಾತು ತೆಗೆಯುತ್ತಾರೆ.

ಹೆಜ್ಜೆ 10: ಸಭೆ ಅವರ ಹೊತ್ತಿಗೆ ಇರಲಿ

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ಕಾಗದದಲ್ಲಿ ಇರುತ್ತಾರೆ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿಗೆ ಹೋಗುವವರು ಹೇಗೆ ಬರುತ್ತಾರೆ? ಹೆಚ್ಚಿನ ತೋಟಗಳಲ್ಲಿ ವಾರದ ರಜೆ ಆ ಊರಿನ ಸಂತೆ ದಿನ. ಸಂತೆಗೆ ಹೋಗುವ ಮೊದಲು ಒಂದು ಗಂಟೆ ಕೇಳಿ, ಬರುತ್ತಾರೆ. ಸಮುದಾಯದತ್ತ ಶಾಲೆ ಕಾರ್ಯಕ್ರಮದ ದಿನವೂ ಇದೇ ಲೆಕ್ಕ ನೋಡಿ. ಎಲ್ಲರ ಎದುರು ಯಾರ ಮಗುವಿನ ಅಂಕವನ್ನೂ ಓದಬೇಡಿ.

ಬಂದವರಿಗೆ ಕೇಳುವ ಕೆಲಸ ಮಾತ್ರ ಕೊಡಬೇಡಿ. ಕಾಡಿನ ಸೊಪ್ಪು, ಜೇನು, ಮರಗಳ ಬಗ್ಗೆ ಹಾಡಿಯ ಅಜ್ಜಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಒಂದು ಪರಿಸರ ಪಾಠ ಅವರೇ ಮಾಡಲಿ. ಹುತ್ತರಿಗೆ ಕದಿರು ತೆಗೆಯುವುದನ್ನು ಒಬ್ಬ ತಾತ ವಿವರಿಸಲಿ, ಓಣಂ ಪೂಕಳಂ (ಹೂವಿನ ರಂಗೋಲಿ) ಒಬ್ಬ ಅಮ್ಮ ಹಾಕಿ ತೋರಿಸಲಿ. ಅಡುಗೆ ಸಾಮಾನಿನ ತೂಕ ನೋಡುವುದು, ಕೈತೋಟ, ಬೇಲಿ, ಏನಾದರೂ ಒಂದು ಜವಾಬ್ದಾರಿ ಹೆಸರು ಹೇಳಿ ಕೊಡಿ.

ಹೆಜ್ಜೆ 11: ಹೊರಡುವ ಕುಟುಂಬಕ್ಕೆ ಒಂದು ಲಕೋಟೆ

ಮಾರ್ಚ್‌ನಲ್ಲಿ ಕೊಯ್ಲು ಮುಗಿದ ಮೇಲೆ ಕೆಲವರು ರಾತ್ರೋರಾತ್ರಿ ಹೊರಡುತ್ತಾರೆ, ಟಿ.ಸಿ. ಕೇಳುವುದೂ ಇಲ್ಲ. ಮಗು ಮುಂದಿನ ಊರಿನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಹಾಗಾಗಿ ಫೆಬ್ರವರಿಯಲ್ಲೇ ಮೇಸ್ತ್ರಿಯನ್ನು ಕೇಳಿ, ಹೋಗುವವರು ಯಾರು ಅಂತ ತಿಳಿದುಕೊಳ್ಳಿ. ಒಂದೊಂದು ಮಗುವಿಗೆ ಒಂದು ಪ್ಲಾಸ್ಟಿಕ್ ಲಕೋಟೆ ಮಾಡಿಡಿ. ಒಳಗೆ ಎಸ್‌ಎಟಿಎಸ್ ನಂಬರ್ ದೊಡ್ಡದಾಗಿ ಬರೆದ ಚೀಟಿ, ವ್ಯಾಸಂಗ ಪ್ರಮಾಣ ಪತ್ರ, ಏಣಿಯಲ್ಲಿ ಎಷ್ಟನೇ ಮೆಟ್ಟಿಲವರೆಗೆ ಬಂದಿದೆ ಅನ್ನುವ ಒಂದು ಹಾಳೆ, ಮಗು ಬರೆದ ಒಂದೆರಡು ಪುಟ, ಶಾಲೆಯ ಫೋನ್ ನಂಬರ್. ಹೊರರಾಜ್ಯಕ್ಕೆ ಹೋಗುವವರಾದರೆ ಆ ಹಾಳೆಯನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೂಡ ಬರೆದುಕೊಡಿ.

ಲಕೋಟೆಯನ್ನು ಅಮ್ಮನ ಕೈಗೇ ಕೊಡಿ. ಹೋದ ಕಡೆ ಶಾಲೆಯವರು ಕಾಗದ ಇಲ್ಲ ಅಂದರೆ ಅಲ್ಲಿಂದಲೇ ಈ ನಂಬರಿಗೆ ಫೋನ್ ಮಾಡಿಸಿ, ಟಿ.ಸಿ. ನಾವು ಕಳಿಸಿಕೊಡುತ್ತೇವೆ ಅಂತ ಹೇಳಿ. ಫೋನ್ ಬಂದ ದಿನವೇ ಕಳಿಸಿ. ಮುಂದಿನ ಕೊಯ್ಲಿಗೆ ಇದೇ ತೋಟಕ್ಕೆ ಬರುವವರಾದರೆ ಯಾವ ತಿಂಗಳು ಅಂತ ಕೇಳಿ ಕ್ಯಾಲೆಂಡರ್ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.